ಸೊನ್ನೆ ಟಿಕೆಟ್ಟು

ಕಿರ್ ಎಂದು ಮೆಶಿನ್ನಿನಿಂದ ಟಿಕೆಟ್ಟು ಹೊರಬಂತು, ಕಂಡಕ್ಟರ್ ಹರಿದು ಕೈಗಿಟ್ಟ, ವಿದ್ಯಾನಗರದಿಂದ ಭದ್ರಾವತಿ, ಮಹಿಳೆ ಒಂದು, ರೂಪಾಯಿ ಸೊನ್ನೆ, ಜುಲೈ ಒಂದು, ಗಂಟೆ ಹತ್ತು ನಲವತ್ತು — ನಾನು ಈ ಹೊತ್ತಿನಲ್ಲಿ ಬಸ್ಸು ಹತ್ತಿದ್ದು ಯಾವ ಕಾಲದಲ್ಲಿ, ಹನ್ನೊಂದು ವರ್ಷದಿಂದ ಎಂಟೂ ಹತ್ತರದ್ದೇ ನನ್ನ ಬಸ್ಸು, ಅದರ ಕಂಡಕ್ಟರ್ ಯುವರಾಜ್ ನನ್ನ ಆಧಾರ್ ಕಾರ್ಡನ್ನು ನೋಡುವುದೂ ಇಲ್ಲ, ಎಷ್ಟನೇ ಪುಟ ಮೇಡಂ ಅಂತ ಕೇಳಿ ಟಿಕೆಟ್ಟನ್ನು ನೇರ ಪುಸ್ತಕದೊಳಗೇ ಇಟ್ಟು ಮುಂದೆ ಹೋಗುತ್ತಾನೆ, ಈತ ಹೊಸಬ, ಕಾರ್ಡಿನಲ್ಲಿರುವ ಮುಖವನ್ನೂ ನನ್ನ ಮುಖವನ್ನೂ ಎರಡೆರಡು ಸಲ ನೋಡಿದ, ನೋಡಲಿ, ಆ ಫೋಟೋದಲ್ಲಿರುವವಳು ನಾನಲ್ಲ ಅಂತ ನನಗೂ ಅನ್ನಿಸುವುದುಂಟು. ಡ್ರೈವರ್ ಬದಿಯ ಕಿಟಕಿ ಸಿಕ್ಕಿದೆ, ಪಕ್ಕದಲ್ಲೊಬ್ಬಳು ಸೀಬೆಹಣ್ಣಿನ ಚೀಲವನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು ಆಗಲೇ ತೂಕಡಿಸುತ್ತಿದ್ದಾಳೆ, ಇಷ್ಟು ಆರಾಮು ಎಂಟೂ ಹತ್ತರಲ್ಲಿ ಇಲ್ಲ, ಈ ಬಸ್ಸಲ್ಲಿ ಕಾಲೇಜು ಹುಡುಗಿಯರು ಇಲ್ಲ, ಕಾರ್ಖಾನೆಗೆ ಹೋಗುವವರು ಇಲ್ಲ. ಬ್ಯಾಗಿನಲ್ಲಿ ಊಟದ ಡಬ್ಬಿ, ನೀರು, ಕೊಡೆ, ಪುಸ್ತಕ, ಮತ್ತೆ ಆ ಫಾರಂ. ಬೆಳಿಗ್ಗೆ ಮನೆಯಿಂದ ಎಂದಿನಂತೆ ಎಂಟಕ್ಕೇ ಹೊರಟೆ, ಆದರೆ ಬಸ್‌ಸ್ಟಾಪಿಗಲ್ಲ, ಇಲ್ಲೇ ಶಿವಮೊಗ್ಗದ ಜಿಲ್ಲಾ ಕಚೇರಿಗೆ, ಅಲ್ಲಿ ಬೀಗ ತೆಗೆಯುವವನಿಗಾಗಿ ಕಾದು, ಸೂಪರಿಂಟೆಂಡೆಂಟಿಗಾಗಿ ಕಾದು, ಅವರು ಟೀ ಕುಡಿದು ಬರುವವರೆಗೆ ಕಾದು, ಕೊನೆಗೆ ಸಿಕ್ಕಿದ್ದು ಒಂದೇ ಒಂದು ಹಾಳೆ. ಶ್ರೀಮತಿ ವೇದಾ, ಪ್ರಥಮ ದರ್ಜೆ ಸಹಾಯಕಿ, ಆದ ನಾನು ಭದ್ರಾವತಿ ಕಚೇರಿಯಿಂದ ಶಿವಮೊಗ್ಗ ಕಚೇರಿಗೆ ವರ್ಗವಾಗಲು ಒಪ್ಪಿರುತ್ತೇನೆ. ಕೆಳಗೆ ಸಹಿಗೆ ಜಾಗ. ಮಧ್ಯಾಹ್ನ ಒಂದು ಗಂಟೆಯೊಳಗೆ ಭದ್ರಾವತಿ ಸಾಹೇಬರ ಟೇಬಲ್ಲಿನ ಮೇಲಿರಬೇಕು, ಅವರು ಮೇಲ್ ಮಾಡಬೇಕು, ಒಂದು ಗಂಟೆ ದಾಟಿದರೆ ಆ ಹುದ್ದೆ ಬೇರೆಯವರಿಗೆ. ಇಲ್ಲೇ ಸಹಿ ಹಾಕಿ ಅಂತ ಸೂಪರಿಂಟೆಂಡೆಂಟ್ ಪೆನ್ನು ಕೊಟ್ಟರು, ನನ್ನ ಪೆನ್ನಿದೆ ಸರ್, ಆಫೀಸಲ್ಲೇ ಹಾಕ್ತೀನಿ ಅಂದೆ, ಪೆನ್ನು ಇದ್ದದ್ದು ನಿಜ.

ಎಲ್ಲದಕ್ಕೂ ಆ ಒಂದು ಉಸ್ಸಪ್ಪಾ ಕಾರಣ. ಸಂಜೆ ಏಳಕ್ಕೆ ಮನೆಯ ಮೆಟ್ಟಿಲ ಬಳಿ ಚಪ್ಪಲಿ ಬಿಡುವಾಗ ಉಸ್ಸಪ್ಪಾ ಅನ್ನುತ್ತೇನೆ, ಅನ್ನುತ್ತಲೇ ಒಳಗೆ ಅತ್ತೆ ಕಾಫಿಗೆ ಹಾಲಿಡುವ ಸದ್ದು, ಮಗಳು ಶರಣ್ಯಾ ಓಡಿ ಬಂದು ಬ್ಯಾಗು ಇಸಿದುಕೊಳ್ಳುತ್ತಾಳೆ, ಪಾಪ ಅಮ್ಮ, ಇವತ್ತೂ ಸೀಟು ಸಿಗಲಿಲ್ವಾ, ಸಿಕ್ಕಿರುತ್ತದೆ, ಸಿಕ್ಕಿ ಇಪ್ಪತ್ತೆರಡು ಪುಟ ಓದಿರುತ್ತೇನೆ, ಆದರೂ ಎಲ್ಲಿ ಸಿಗತ್ತೆ ಮಾರಾಯ್ತಿ ಅಂತ ಸೋಫಾದ ಮೇಲೆ ಕುಸಿಯುತ್ತೇನೆ, ಕಾಫಿ ಕೈಗೆ ಬರುತ್ತದೆ, ಹದಿನೈದು ನಿಮಿಷ ಯಾರೂ ಏನೂ ಕೇಳುವುದಿಲ್ಲ. ಹೋಗುವಾಗ ಇಪ್ಪತ್ತೆರಡು ಪುಟ, ಬರುವಾಗ ಇಪ್ಪತ್ತೆರಡು, ಆ ನಲವತ್ತು ನಲವತ್ತು ನಿಮಿಷದಲ್ಲಿ ಯಾರೂ ನನ್ನನ್ನು ಕರೆಯುವುದಿಲ್ಲ, ಸಾರಿಗೆ ಉಪ್ಪು ಸಾಕೇ ಅಂತ ಕೇಳುವುದಿಲ್ಲ, ಕಡತ ಎಲ್ಲಿ ಅಂತ ಕೇಳುವುದಿಲ್ಲ, ಫೋನು ಬ್ಯಾಗಿನ ತಳದಲ್ಲಿ ಡಬ್ಬಿಯ ಕೆಳಗೆ ಇರುತ್ತದೆ, ಬಸ್ಸಲ್ಲಿ ಕೇಳಿಸಲ್ಲ ಅಂತ ಎಲ್ಲರಿಗೂ ಹೇಳಿಟ್ಟಿದ್ದೇನೆ. ಇದನ್ನು ಯಾರಿಗೂ ಹೇಳಿಲ್ಲ. ಹೇಳುವುದು ಹೇಗೆ, ಉಸ್ಸಪ್ಪಾ ಅಂದುಕೊಂಡು ಹನ್ನೊಂದು ವರ್ಷ ಕಾಫಿ ಕುಡಿದ ಮೇಲೆ. ನನ್ನ ಗಂಡ ಸುದರ್ಶನನಿಗೆ ನಿಜವಾಗಿ ಕನಿಕರ, ಅವನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳುವವನು, ಕಷ್ಟವಿದ್ದರೆ ಪರಿಹಾರ ಇರಲೇಬೇಕು ಅನ್ನುವ ಜಾತಿ, ಯಾರನ್ನೋ ಹಿಡಿದು, ಇನ್ಯಾರಿಗೋ ಹೇಳಿಸಿ, ಹೋದ ವಾರ ಊಟಕ್ಕೆ ಕೂತಾಗ ಮುಖ ಅರಳಿಸಿಕೊಂಡು ಹೇಳಿದ, ವೇದಾ, ಇಲ್ಲೇ ಒಂದು ಪೋಸ್ಟ್ ಖಾಲಿ ಆಗಿದೆಯಂತೆ, ಮನೆಯಿಂದ ನಡ್ಕೊಂಡು ಹೋದ್ರೆ ಹತ್ತು ನಿಮಿಷ, ಮಧ್ಯಾಹ್ನ ಊಟಕ್ಕೆ ಮನೆಗೇ ಬಂದು ಹೋಗಬಹುದು. ಮಾವ, ಶ್ರೀನಿವಾಸಮೂರ್ತಿಗಳು, ಮೂವತ್ತೆಂಟು ವರ್ಷ ಸಂಸ್ಕೃತ ಮೇಷ್ಟ್ರಾಗಿದ್ದವರು, ತಟ್ಟೆಯ ಮುಂದೆಯೇ ಕೈಯೆತ್ತಿ ಭೇಷ್ ಅಂದರು, ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಕೂತು ಉಣ್ಣಬಹುದಲ್ಲ. ಶರಣ್ಯಾ ಹೋ ಅಂದಳು. ಅತ್ತೆ ಮಾತ್ರ ಹುಳಿಯ ಸೌಟನ್ನು ಪಾತ್ರೆಯೊಳಗೆ ಬಿಟ್ಟು, ಹೌದಾ, ಯಾವಾಗಿಂದ ಅಂದರು. ಅಷ್ಟೇ. ಯಾವಾಗಿಂದ. ಆ ಮಾತು ನನಗೆ ಚುಚ್ಚಿತು, ಈಗಲೂ ಚುಚ್ಚುತ್ತಿದೆ, ಇಪ್ಪತ್ತು ವರ್ಷ ಒಂದೇ ಅಡಿಗೆಮನೆಯಲ್ಲಿ ಇದ್ದೇವೆ, ನಾನು ಹಗಲು ಮನೆಯಲ್ಲಿ ಇರುವುದು ಅವರಿಗೆ ಬೇಡವೇ, ಬೇಡದಿದ್ದರೆ ಬೇಡ, ನನಗೂ ಬೇಡ, ಆದರೆ ನನಗೆ ಬೇಡ ಅನ್ನಲು ಬಾಯಿಲ್ಲ, ಅವರಿಗೆ ಬೇಡ ಅನ್ನಲು ಏನಿತ್ತೋ.

ಹರಿಗೆ. ಇಳಿಯುವವರು ಇಬ್ಬರು, ಹತ್ತುವವರು ಹನ್ನೊಂದು, ಯಾರದೋ ಕೊಡೆಯಿಂದ ನೀರು ನನ್ನ ಪಾದದ ಮೇಲೆ. ಪುಸ್ತಕ ತೆಗೆದೆ. ಇವತ್ತು ಓದಬೇಕೋ ಬೇಡವೋ ಅಂತ ಯೋಚಿಸಿದ್ದೆ, ಸಹಿ ಹಾಕಲು ಹೋಗುವವಳು ಓದುತ್ತ ಹೋಗುವುದು ಒಂಥರಾ ಅನ್ನಿಸಿ, ಆದರೆ ಕೈ ತಾನಾಗಿಯೇ ಹೋಯಿತು. ಇದಕ್ಕೆ ಹೆಸರಿಲ್ಲ, ಮುಖಪುಟ ಎಂದೋ ಹರಿದು ಹೋಗಿದೆ, ಭದ್ರಾವತಿಯಲ್ಲಿ ಗುಲಾಮ್ ಮೊಹಿದ್ದೀನ್ ಸಾಬರ ಸೈಕಲ್ ಶಾಪಿನದು, ಮುಂದೆ ಟೈರು ಟ್ಯೂಬು, ಹಿಂದೆ ಪರದೆ ಸರಿಸಿದರೆ ಮೂರು ಗೋಡೆ ತುಂಬ ಬಾಡಿಗೆ ಪುಸ್ತಕ, ಅವರ ತಂದೆಯ ಕಾಲದ್ದು, ಈಗ ತರುವವರು ನಾನು, ಇನ್ನೂ ಐದಾರು ಜನ. ಪುಸ್ತಕದಲ್ಲೆಲ್ಲ ಸ್ವಲ್ಪ ಗ್ರೀಸಿನ ವಾಸನೆ. ಇದನ್ನು ಒಯ್ಯಿರಿ ಮೇಡಮ್ಮಾ, ನಡು ರಾತ್ರಿ ತನಕ ಬಿಡಲ್ಲ ನಿಮ್ಮನ್ನ, ಅಂದಿದ್ದರು. ಒಂದು ಸಲಕ್ಕೆ ಎರಡು ತರುತ್ತೇನೆ, ಒಂದು ನನಗೆ, ಒಂದು ಅತ್ತೆಗೆ, ಮುಗಿದ ಮೇಲೆ ಅದಲು ಬದಲು. ಇದು ಅವರು ಓದಿ ಮುಗಿಸಿ ಗುರುವಾರ ಸಂಜೆ ನನ್ನ ಕೈಗೆ ಕೊಟ್ಟದ್ದು. ಚೆನ್ನಾಗಿದೆಯಾ ಅತ್ತೆ ಅಂದರೆ, ಓದು, ನಾನ್ಯಾಕೆ ಹೇಳಲಿ. ಹೊಸ ಊರಿಗೆ ಬಂದ ಟೀಚರೊಬ್ಬಳು, ಅವಳಿಗೆ ವಾರಕ್ಕೊಂದು ಹೆಸರಿಲ್ಲದ ಪತ್ರ, ಬರೆಯುತ್ತಿರುವವರು ಯಾರು ಅನ್ನುವುದೇ ಕಥೆ. ಅತ್ತೆ ಯಾವ ಪುಸ್ತಕಕ್ಕೂ ಮೊದಲು ಬೈಂಡ್ ಹಾಕುತ್ತಾರೆ, ಗೋಡೆಯ ಕ್ಯಾಲೆಂಡರಿನ ಮುಗಿದ ತಿಂಗಳ ಹಾಳೆಯಿಂದ, ಇದಕ್ಕೆ ಮೇ ತಿಂಗಳು, ಬೆನ್ನಿನ ಮೇಲೆ ಕೆಂಪಗೆ ಹದಿನೆಂಟು, ಇಪ್ಪತ್ತೈದು. ಮಾವನಿಂದ ತಪ್ಪಿಸಲು ಈ ಉಪಾಯ. ಮಾವ ಕೆಟ್ಟವರಲ್ಲ, ಆದರೆ ಯಾವ ಪುಸ್ತಕ ಕಂಡರೂ ಎತ್ತಿ ಕೊನೆಯ ಪುಟವನ್ನು ಮೊದಲು ಓದುತ್ತಾರೆ, ಓದಿ ಸುಮ್ಮನಿರುವುದಿಲ್ಲ, ಅತ್ತೆಯನ್ನು ಕೂಗುತ್ತಾರೆ, ಲೇ ಸುಬ್ಬೂ, ಇವಳು ಕೊನೆಗೆ ಅವನನ್ನೇ ಮದುವೆ ಆಗ್ತಾಳೆ ಕಣೇ, ಇದಕ್ಕೆ ಮುನ್ನೂರು ಪುಟ ಯಾಕೆ ಬರೀಬೇಕಿತ್ತು. ಅದಲ್ಲದೆ ಎಂಜಲು. ಅತ್ತೆಗೆ ಬೆರಳು ನಾಲಿಗೆಗೆ ಮುಟ್ಟಿಸದೆ ಪುಟ ತಿರುಗಿಸಲು ಬರುವುದಿಲ್ಲ, ಮಾವನಿಗೆ ಅದು ಕಂಡರೆ ಆಗುವುದಿಲ್ಲ, ಸರಸ್ವತಿಗೆ ಎಂಜಲು ಮುಟ್ಟಿಸ್ತೀಯಲ್ಲೇ, ಅಂದಿನಿಂದ ಇಂದಿನವರೆಗೆ ಅದೇ ಮಾತು, ಅತ್ತೆ ಪುಸ್ತಕ ಮುಚ್ಚಿ ಎದ್ದು ಹೋಗುತ್ತಾರೆ. ಆದರೂ ಪುಟಗಳು ಹೇಳುತ್ತವೆ, ಈ ಪುಸ್ತಕದಲ್ಲೂ ಬಲಗಡೆಯ ಮೂಲೆಗಳೆಲ್ಲ ಒದ್ದೆಯಾಗಿ ಒಣಗಿ ಒಂಚೂರು ಉಬ್ಬಿವೆ, ನಾನು ತಿರುಗಿಸುವಾಗ ಬೆರಳಿಗೆ ಸಿಗುತ್ತದೆ ಆ ಉಬ್ಬು, ಅತ್ತೆ ನನಗಿಂತ ಮುಂಚೆ ಇಲ್ಲಿ ಹಾದು ಹೋಗಿದ್ದಾರೆ ಅಂತ.

ನಿನ್ನೆ ಸಂಜೆ ಎಂಬತ್ತೆಂಟಕ್ಕೆ ನಿಂತಿದ್ದೆ. ಎಂಬತ್ತೊಂಬತ್ತು, ಟೀಚರು ಪೋಸ್ಟ್‌ಮ್ಯಾನನ್ನು ತಡೆದು ಕೇಳುತ್ತಾಳೆ, ಅವನಿಗೆ ಗೊತ್ತಿದ್ದೂ ಹೇಳುವುದಿಲ್ಲ, ತೊಂಬತ್ತು, ತೊಂಬತ್ತೊಂದು, ಪಕ್ಕದವಳು ಎಚ್ಚರಾಗಿ, ಏನಕ್ಕಾ, ಪರೀಕ್ಷೆ ಕಟ್ಟಿದೀರಾ ಅಂತ ಕೇಳುತ್ತಾಳೆ, ಇಲ್ಲ, ಸುಮ್ನೆ ಓದ್ತಿದೀನಿ, ಸುಮ್ನೆನಾ ಅಂತ ಅವಳಿಗೆ ಆಶ್ಚರ್ಯ, ಮತ್ತೆ ಕಣ್ಣು ಮುಚ್ಚಿದಳು, ತೊಂಬತ್ಮೂರು ತಿರುಗಿಸಿದರೆ ಅಲ್ಲೊಂದು ಟಿಕೆಟ್ಟು. ಟಿಕೆಟ್ಟು ಇರುವುದೇನು ಹೊಸದಲ್ಲ, ಇದೇ ಪುಸ್ತಕದಲ್ಲಿ ಶುಕ್ರವಾರ ಎರಡು ಸಿಕ್ಕಿದ್ದವು, ನಿನ್ನೆ ಒಂದು, ನನ್ನವೇ ಇರಬೇಕು ಅಂತ ಬ್ಯಾಗಿನ ಪಕ್ಕದ ಜೇಬಿಗೆ ತುರುಕಿದ್ದೆ, ನನ್ನ ಎಲ್ಲ ಪುಸ್ತಕದಲ್ಲೂ ಅವು ಇರುತ್ತವೆ, ಸೊನ್ನೆ ರೂಪಾಯಿಯ ಟಿಕೆಟ್ಟಿಗಿಂತ ಒಳ್ಳೆಯ ಗುರುತು ಇನ್ಯಾವುದಿದೆ. ಆದರೆ ಈ ಪುಸ್ತಕವನ್ನು ನಾನು ಗುರುವಾರದ ತನಕ ತೆರೆದೇ ಇರಲಿಲ್ಲ. ಇದು ಹೊಳೆದದ್ದು ಈಗ. ಟಿಕೆಟ್ಟನ್ನು ಬೆಳಕಿಗೆ ಹಿಡಿದೆ, ಶಾಯಿ ಮಾಸಿದೆ, ಆದರೂ ಕಾಣುತ್ತದೆ, ಭದ್ರಾವತಿಯಿಂದ ವಿದ್ಯಾನಗರ, ಮಹಿಳೆ ಒಂದು, ಜೂನ್ ಆರು, ಹತ್ತು ನಲವತ್ಮೂರು. ಬೆಳಿಗ್ಗೆ ಹತ್ತು ನಲವತ್ಮೂರಕ್ಕೆ ನಾನು ಭದ್ರಾವತಿಯಲ್ಲಿ ನನ್ನ ಕುರ್ಚಿಯಲ್ಲಿ ಕೂತಿರುತ್ತೇನೆ, ವಾಪಸ್ ಬರುವ ಬಸ್ಸಿನಲ್ಲಿ ಯಾಕಿರಲಿ. ಶರಣ್ಯಾ ಅಲ್ಲ, ಅವಳು ಕಾಲೇಜಿನಲ್ಲಿ, ಅದಲ್ಲದೆ ಅವಳ ಓದೆಲ್ಲ ಫೋನಿನಲ್ಲಿ. ಈ ಪುಸ್ತಕವನ್ನು ಮುಟ್ಟಿದ್ದು ಮನೆಯಲ್ಲಿ ಇಬ್ಬರೇ. ಅತ್ತೆಯೇ. ಎಪ್ಪತ್ತೊಂದು ವರ್ಷದ ನನ್ನ ಅತ್ತೆ ಸುಬ್ಬಲಕ್ಷ್ಮಿ, ಮೊಣಕಾಲು ನೋವು ಅಂತ ಮಹಡಿ ಹತ್ತದವರು, ಜೂನ್ ಆರನೇ ತಾರೀಖು ಯಾರಿಗೂ ಹೇಳದೆ ಭದ್ರಾವತಿಗೆ ಹೋಗಿ ಬಂದಿದ್ದಾರೆ.

ಜೂನ್ ಆರು ಅಂದರೆ ಶುಕ್ರವಾರ, ಶುಕ್ರವಾರ ಭಜನೆ, ಮಂಗಳವಾರ ಶುಕ್ರವಾರ ಬಡಾವಣೆಯ ಭಜನಾಮಂಡಳಿ, ಒಂಬತ್ತೂವರೆಗೆ ಹೋಗಿ ಹನ್ನೊಂದೂವರೆಗೆ ಬರುತ್ತಾರೆ, ಅದಕ್ಕೇ ಆ ಎರಡು ದಿನ ಮನೆಯಲ್ಲಿ ಬೆಳಿಗ್ಗೆಯೇ ಅಡಿಗೆ ಮುಗಿದಿರುತ್ತದೆ. ಪಕ್ಕದ ಬೀದಿಯ ಪದ್ಮಮ್ಮ ಹೋದ ಭಾನುವಾರ ತರಕಾರಿ ಗಾಡಿಯ ಹತ್ತಿರ ಸಿಕ್ಕಿ, ನಿಮ್ಮತ್ತೆ ಭಜನೆಗೆ ಬಂದು ವರ್ಷದ ಮೇಲಾಯ್ತಲ್ಲ, ಮೊಣಕಾಲು ಹ್ಯಾಗಿದೆ ಅಂತ ಕೇಳಿದ್ದರು, ಪದ್ಮಮ್ಮನಿಗೆ ವಯಸ್ಸಾಯಿತು ಪಾಪ, ಯಾರನ್ನೋ ಯಾರೋ ಅಂದುಕೊಂಡಿದ್ದಾರೆ ಅಂತ ನಾನು ನಕ್ಕು ಬದನೆಕಾಯಿ ಆರಿಸಿದೆ. ವಯಸ್ಸಾದದ್ದು ನನ್ನ ಬುದ್ಧಿಗೆ. ಮಲವಗೊಪ್ಪ ದಾಟಿದ್ದೇ ಗೊತ್ತಾಗಲಿಲ್ಲ. ಯಾಕೆ ಹೋಗುತ್ತಾರೆ. ಡಾಕ್ಟರ ಹತ್ತಿರವೇ, ಏನೋ ಗಂಟು, ಏನೋ ಬೇನೆ, ನಮಗೆ ಹೇಳಬಾರದು ಅಂತ ದೂರದ ಊರಿನ ಡಾಕ್ಟರು, ಈಚೆಗೆ ಸೊರಗಿದ್ದಾರೆಯೇ, ಬಳೆ ಸಡಿಲವಾಗಿದೆಯೇ, ನೋಡಿಲ್ಲ, ದಿನಾ ಕಾಫಿ ಇಸಿದುಕೊಂಡಿದ್ದೇನೆ, ಕೊಡುವ ಕೈಯನ್ನು ನೋಡಿಲ್ಲ. ಅಥವಾ ಅವರ ತಮ್ಮನ ಮನೆಗೆ. ಭದ್ರಾವತಿಯಲ್ಲೇ ಇದ್ದಾರೆ, ಹದಿನೈದು ವರ್ಷದಿಂದ ಮಾವನಿಗೂ ಅವರಿಗೂ ಮಾತಿಲ್ಲ, ಯಾವುದೋ ಉಪನಯನದಲ್ಲಿ ಮಾವನನ್ನು ಎರಡನೇ ಪಂಕ್ತಿಗೆ ಕೂರಿಸಿದರು ಅಂತ, ಅಷ್ಟಕ್ಕೇ, ಅತ್ತೆ ಆಗ ಒಂದು ಮಾತೂ ಆಡಲಿಲ್ಲ, ಈಗ ಕದ್ದು ಹೋಗಿ ತಮ್ಮನನ್ನು ನೋಡಿ ಬರುತ್ತಾರೋ ಏನೋ, ಹೋಗಲಿ, ನೋಡಲಿ, ಅದಾದರೆ ಒಳ್ಳೆಯದು, ದೇವರೇ ಅದೇ ಆಗಿರಲಿ, ಗಂಟು ಬೇಡ. ಹೋದ ವರ್ಷ ನನ್ನ ಕೈಗೆ ಆಧಾರ್ ಕಾರ್ಡು ಕೊಟ್ಟು, ಇದಕ್ಕೊಂದು ಪ್ಲಾಸ್ಟಿಕ್ ಹಾಕಿಸ್ಕೊಂಡು ಬಾ ವೇದಾ, ಮೂಲೆ ಹರೀತಿದೆ ಅಂದಿದ್ದರು, ಬ್ಯಾಂಕಿಗೆ ಹೋಗದವರ ಆಧಾರ್ ಕಾರ್ಡಿನ ಮೂಲೆ ಯಾಕೆ ಹರಿಯುತ್ತದೆ ಅಂತ ನಾನು ಕೇಳಲಿಲ್ಲ.

ಬ್ಯಾಗಿನ ಜೇಬಿನಿಂದ ಆ ಮೂರನ್ನೂ ತೆಗೆದೆ, ಮುದುಡಿವೆ, ತೊಡೆಯ ಮೇಲೆ ಇಟ್ಟು ಬಿಡಿಸಿದೆ. ಜೂನ್ ಮೂರು, ಮಂಗಳವಾರ, ವಿದ್ಯಾನಗರದಿಂದ ಭದ್ರಾವತಿ, ಒಂಬತ್ತು ಐವತ್ತೆರಡು. ಅದೇ ದಿನ ಭದ್ರಾವತಿಯಿಂದ ವಿದ್ಯಾನಗರ, ಹತ್ತು ನಲವತ್ತೊಂದು. ಜೂನ್ ಆರು, ಹೋಗುವಾಗ ಒಂಬತ್ತು ಐವತ್ತು, ಬರುವಾಗಿನದು ಇದು, ಹತ್ತು ನಲವತ್ಮೂರು. ಇನ್ನೂ ಇವೆಯೇ ಅಂತ ಪುಸ್ತಕವನ್ನು ಬೆನ್ನು ಹಿಡಿದು ಕೊಡವಿದರೆ ಉದುರಿದವು, ಮಡಿಲಿಗೆ, ಸೀಟಿಗೆ, ಸೀಬೆಹಣ್ಣಿನ ಚೀಲದೊಳಕ್ಕೆ, ಪಕ್ಕದವಳು ಧಡಕ್ಕನೆ ಎಚ್ಚರಾಗಿ ಹೆಕ್ಕಿಕೊಟ್ಟಳು, ಅಯ್ಯೋ ಅಕ್ಕಾ, ಇಷ್ಟೊಂದ್ ಟಿಕೆಟ್ಟಾ, ಊರೋರಿಗೆಲ್ಲ ತಗೊಂಡ್ರಾ. ಹತ್ತು, ಹದಿಮೂರು, ಹದಿನೇಳು, ಇಪ್ಪತ್ತು, ಇಪ್ಪತ್ನಾಲ್ಕು, ಎಲ್ಲ ಮಂಗಳವಾರ ಶುಕ್ರವಾರ, ಎಲ್ಲ ಜೋಡಿ ಜೋಡಿ. ಭದ್ರಾವತಿಗೆ ನಲವತ್ತು ನಿಮಿಷ, ಅದು ನನಗೆ ಗೊತ್ತಿಲ್ಲದಿದ್ದರೆ ಇನ್ಯಾರಿಗೆ ಗೊತ್ತು. ಒಂಬತ್ತು ಐವತ್ತಕ್ಕೆ ಹೊರಟರೆ ಹತ್ತೂವರೆಗೆ ಅಲ್ಲಿ. ಹತ್ತು ನಲವತ್ಮೂರಕ್ಕೆ ವಾಪಸ್ ಬಸ್ಸಿನ ಟಿಕೆಟ್ಟು. ನಡುವೆ ಹದಿಮೂರು ನಿಮಿಷ. ಹದಿಮೂರು ನಿಮಿಷದಲ್ಲಿ ಯಾವ ಡಾಕ್ಟರೂ ಒಳಗೆ ಕರೆಯುವುದಿಲ್ಲ, ಹದಿಮೂರು ನಿಮಿಷದಲ್ಲಿ ತಮ್ಮನ ಮನೆಯ ಗೇಟೂ ಸಿಗುವುದಿಲ್ಲ. ಅತ್ತೆ ಎಲ್ಲಿಗೂ ಹೋಗುತ್ತಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಎದುರಿಗೆ ನಿಂತ ಬಸ್ಸು ಹತ್ತಿ ಕೂರುತ್ತಾರೆ. ಮತ್ತೆ ಪುಟಗಳು, ಶುಕ್ರವಾರ ಸಿಕ್ಕ ಮೊದಲನೆಯದು ಇಪ್ಪತ್ಮೂರರ ಹತ್ತಿರ ಇತ್ತು, ಎರಡನೆಯದು ನಲವತ್ತೈದೋ ನಲವತ್ತಾರೋ, ನಿನ್ನೆಯದು ಎಪ್ಪತ್ತು, ಇವತ್ತಿನದು ತೊಂಬತ್ಮೂರು. ಹೋಗುವಾಗ ಇಪ್ಪತ್ಮೂರು, ಬರುವಾಗ ಇಪ್ಪತ್ಮೂರು. ನನಗಿಂತ ಒಂದು ಪುಟ ಜಾಸ್ತಿ! ನಗು ಬಂತು, ನಕ್ಕೇ ಬಿಟ್ಟೆ, ಪಕ್ಕದವಳು ಚೀಲವನ್ನು ಸ್ವಲ್ಪ ಆಚೆಗೆ ಎಳೆದುಕೊಂಡಳು. ನಗು ಬಂದದ್ದೇ ಅಳುವೂ ಬಂತು. ಬೆಳಗಿನಿಂದ ಲೇ ಸುಬ್ಬೂ ಕನ್ನಡಕ ಎಲ್ಲಿ, ಲೇ ಸುಬ್ಬೂ ಯಾರೋ ಬಂದ್ರು ನೋಡು, ಲೇ ಸುಬ್ಬೂ ಟಿವಿಯಲ್ಲಿ ಏನು ಹೇಳ್ತಿದಾನೆ ಕೇಳು ಬಾ, ಮಾವ ನಿವೃತ್ತರಾಗಿ ಹದಿನಾರು ವರ್ಷ, ಹದಿನಾರು ವರ್ಷದಿಂದ ಆ ಮನೆಯಲ್ಲಿ ಅತ್ತೆಗೆ ಸತತವಾಗಿ ಹತ್ತು ನಿಮಿಷ ಸಿಕ್ಕಿಲ್ಲ, ನನಗಾದರೆ ನೌಕರಿ ಇದೆ, ನೌಕರಿಗೆ ದಾರಿ ಇದೆ, ಅವರು ದಾರಿಯನ್ನಷ್ಟೇ ತೆಗೆದುಕೊಂಡಿದ್ದಾರೆ.

ಆ ಯಾವಾಗಿಂದ. ಅದು ಈಗ ಅರ್ಥವಾಗುತ್ತಿದೆ, ಈಗ, ನಿದಿಗೆ ದಾಟಿದ ಮೇಲೆ, ಮೂರ್ಖಳಿಗೆ. ನಾನು ಶಿವಮೊಗ್ಗದಲ್ಲೇ ಕೂತರೆ ಮೊಹಿದ್ದೀನ್ ಸಾಬರ ಪುಸ್ತಕ ತರುವವರಿಲ್ಲ. ಮಧ್ಯಾಹ್ನ ಊಟಕ್ಕೆ ನಾನು ಬರುತ್ತೇನೆ ಅಂದರೆ ಬಿಸಿ ಅನ್ನ ಆಗಬೇಕು, ಹನ್ನೊಂದೂವರೆಗೆ ಬಂದು ತಣ್ಣಗಿನ ಸಾರು ಬಡಿಸಿದರೆ ಆಗುವುದಿಲ್ಲ, ಬೆಳಿಗ್ಗೆ ಹತ್ತಕ್ಕೋ ಹನ್ನೊಂದಕ್ಕೋ ನಾನು ಏನನ್ನೋ ಮರೆತು ಮನೆಗೆ ಬರುವಾಗ ಬಸ್‌ಸ್ಟಾಪಿನಲ್ಲಿ ಎದುರಾದರೆ ಭಜನೆಯ ಸುಳ್ಳು ಸಿಕ್ಕಿಬೀಳುತ್ತದೆ. ನನ್ನ ಒಂದು ಸಹಿಯಲ್ಲಿ ಇಬ್ಬರ ಬಸ್ಸೂ ನಿಲ್ಲುತ್ತದೆ. ಅವರಿಗೂ ಬೇಡ ಅನ್ನಲು ಬಾಯಿಲ್ಲ, ನನ್ನಂತೆಯೇ, ಸೊಸೆ ದಿನಾ ಉಸ್ಸಪ್ಪಾ ಅಂತ ಬರುವುದನ್ನು ನೋಡಿದವರು, ನಾಲ್ಕು ಪುಟದ ಆಸೆಗೆ ಅವಳು ಅಲೆಯಲಿ ಅನ್ನುವುದು ಹೇಗೆ. ನನ್ನ ಉಸ್ಸಪ್ಪಾವನ್ನು ಅವರು ನಂಬಿದ್ದಾರೆಯೇ. ಎರಡು ದಿಕ್ಕಿಗೂ ಅದೇ ದಾರಿಯ ಬಸ್ಸಿನಲ್ಲಿ ಕೂತು ಓದುವ ಹೆಂಗಸು ಅದನ್ನು ನಂಬಿರುತ್ತಾಳೆಯೇ! ಈ ಟಿಕೆಟ್ಟುಗಳನ್ನು ತೆಗೆಯಲು ಮರೆತರೋ, ಬೇಕೆಂದೇ ಬಿಟ್ಟರೋ. ಬೆಳಿಗ್ಗೆ ನಾನು ಚಪ್ಪಲಿ ಹಾಕುವಾಗ ಬಾಗಿಲವರೆಗೆ ಬಂದು, ಇವತ್ತೇ ಸಹಿನಾ ಅಂತ ಕೇಳಿದರು, ಹೂಂ ಅತ್ತೆ, ಒಂದು ಗಂಟೆಯೊಳಗೆ, ಅಂದೆ, ಸರಿ, ಪುಸ್ತಕ ಇಟ್ಕೊಂಡ್ಯಾ ಅಂದರು, ಹೂಂ, ಅಂದೆ. ಹಿಂದಿನಿಂದ ಮಾವ ಕ್ಯಾಲೆಂಡರಿನ ಮುಂದೆ ನಿಂತು ಕೂಗುತ್ತಿದ್ದರು, ಲೇ ಸುಬ್ಬೂ, ಜೂನ್ ಹಾಳೆ ಎಲ್ಲೇ, ಗ್ಯಾಸ್ ಬಂದ ತಾರೀಖು ಬರೆದಿದ್ದೆ ಅದರಲ್ಲಿ, ಅತ್ತೆ ತಿರುಗದೆಯೇ, ಅದಾ, ಒಲೆಕಟ್ಟೆ ಒರೆಸೋಕೆ ತಗೊಂಡೆ, ಹದಿನಾಲ್ಕನೇ ತಾರೀಖು ಬಂತು, ನಂಗೆ ನೆನಪಿದೆ ಅಂದರು. ಜುಲೈ ಒಂದರ ಬೆಳಿಗ್ಗೆ ಎಂಟಕ್ಕೇ ಜೂನ್ ಮಾಯ. ನನ್ನಿಂದ ಗುರುವಾರ ಇಸಿದುಕೊಂಡ ಹೊಸ ಪುಸ್ತಕಕ್ಕೆ ಬೈಂಡ್ ಹಾಕಲು ತಿಂಗಳು ಮುಗಿಯಲಿ ಅಂತ ಕಾದಿದ್ದಾರೆ. ಇವತ್ತು ಮಂಗಳವಾರ.

ಬಸ್ಸು ನಿಂತಿತು. ಮಾಚೇನಹಳ್ಳಿ ಹತ್ತಿರ ರಸ್ತೆ ಅಗೆದಿದ್ದಾರೆ, ಒಂದೇ ಬದಿಯಲ್ಲಿ ಬಿಡುತ್ತಾರೆ, ರೇನ್‌ಕೋಟು ಹಾಕಿಕೊಂಡವನೊಬ್ಬ ಕೆಂಪು ಬಾವುಟ ಹಿಡಿದು ನಿಂತಿದ್ದಾನೆ, ಎದುರಿನ ಸಾಲು ಮೊದಲು ಹೋಗಬೇಕು, ಆಮೇಲೆ ನಾವು. ಗಂಟೆ ಎಷ್ಟು, ಹನ್ನೊಂದಕ್ಕೆ ಐದು. ಎದುರಿನಿಂದ ಒಂದು ಲಾರಿ, ಒಂದು ಕಾರು, ಎರಡು ಆಟೋ, ಆಮೇಲೆ ಬಸ್ಸು, ಕೆಂಪು ಬಸ್ಸು, ಭದ್ರಾವತಿ ಶಿವಮೊಗ್ಗ ಅಂತ ಬೋರ್ಡು, ಮಣ್ಣಿನ ಗುಂಡಿಯಲ್ಲಿ ಮುಂದಿನ ಚಕ್ರ ಇಳಿದು ಏಳುತ್ತ ಇರುವೆಯಂತೆ ಬರುತ್ತಿದೆ, ಗಾಜನ್ನು ಪೂರ್ತಿ ಸರಿಸಿದೆ, ಮಳೆಯ ಹನಿ ಮುಖಕ್ಕೆ ಬಿತ್ತು. ಎದುರಿನ ಬಸ್ಸಿನ ಡ್ರೈವರು ನಮ್ಮ ಡ್ರೈವರಿಗೆ ಏನೋ ಹೇಳಿ ನಕ್ಕ. ಅವನ ಹಿಂದಿನ ಕಿಟಕಿಯಲ್ಲಿ ಒಬ್ಬ ಹುಡುಗಿ ಕಿವಿಗೆ ವಯರು ಸಿಕ್ಕಿಸಿಕೊಂಡಿದ್ದಾಳೆ. ಅದರ ಹಿಂದಿನ ಕಿಟಕಿಯಲ್ಲಿ ಅತ್ತೆ. ಒಂದು ಗೇಣು ದೂರದಲ್ಲಿ, ಕೈ ಚಾಚಿದರೆ ಕನ್ನಡಕಕ್ಕೆ ಸಿಗುವಷ್ಟು ಹತ್ತಿರದಲ್ಲಿ, ದಾರ ಕಟ್ಟಿದ ಕನ್ನಡಕ ಮೂಗಿನ ತುದಿಗೆ ಇಳಿದಿದೆ, ಮನೆಯಲ್ಲಿ ಉಡುವ ಆ ನೀಲಿ ಹೂವಿನ ಸೀರೆಯಲ್ಲ, ಒಳ್ಳೆಯ ಸೀರೆ ಉಟ್ಟಿದ್ದಾರೆ, ಎದೆಯ ಮಟ್ಟಕ್ಕೆ ಎತ್ತಿ ಹಿಡಿದ ಪುಸ್ತಕ, ಪುಸ್ತಕಕ್ಕೆ ಜೂನ್ ತಿಂಗಳು, ಸಾಲಾಗಿ ಅಂಕಿಗಳು, ಕೆಂಪಗೆ ಎಂಟು, ಕೆಂಪಗೆ ಹದಿನೈದು, ಅದರ ಪಕ್ಕದಲ್ಲಿ ಹದಿನಾಲ್ಕಕ್ಕೆ ನೀಲಿ ಶಾಯಿಯ ಸುತ್ತು, ಕೆಳಗೆ ಮಾವನ ದುಂಡು ಅಕ್ಷರದಲ್ಲಿ ಗ್ಯಾಸ್. ಬಾಯಿಯವರೆಗೆ ಬಂತು, ಅತ್ತೆ. ಕರೆಯಲಿಲ್ಲ. ಕರೆಯುವವರಿಂದ ತಪ್ಪಿಸಿಕೊಂಡೇ ಅವರು ಇಷ್ಟು ದೂರ ಬಂದಿರುವುದು, ನಾನೂ ಕರೆದರೆ ಇನ್ನೆಲ್ಲಿಗೆ ಹೋಗುತ್ತಾರೆ. ಅವರು ತಲೆ ಎತ್ತಲಿಲ್ಲ, ತುಟಿಗಳು ಒಂಚೂರು ಬಿಗಿದಿದ್ದವು, ಕಥೆಯಲ್ಲಿ ಏನೋ ಆಗುತ್ತಿತ್ತು, ಬಲಗೈಯ ತೋರುಬೆರಳು ಮೇಲೆದ್ದು ನಾಲಿಗೆಯ ತುದಿಯನ್ನು ಮುಟ್ಟಿ ಇಳಿಯಿತು, ಪುಟ ತಿರುಗಿತು, ಬಸ್ಸು ಮುಂದೆ ಸರಿಯಿತು, ಅವರ ಹಿಂದಿನ ಕಿಟಕಿ ಬಂತು, ಅದರ ಹಿಂದಿನದು, ಆಮೇಲೆ ಬರೀ ಕೆಂಪು ತಗಡು.

ಫೋನು ಎಷ್ಟು ಹೊತ್ತಿನಿಂದ ಹೊಡೆದುಕೊಳ್ಳುತ್ತಿತ್ತೋ, ಪಕ್ಕದವಳೇ ಹೇಳಿದಳು, ಅಕ್ಕಾ ನಿಮ್ದು. ಡಬ್ಬಿಯ ಕೆಳಗಿನಿಂದ ಎಳೆದು ತೆಗೆದರೆ ಸುದರ್ಶನ. ಸಹಿ ಆಯ್ತಾ ವೇದಾ. ಇಲ್ಲ. ಬೇಗ ಹಾಕಿ ಕೊಟ್ಬಿಡು, ಒಂದು ಗಂಟೆ ಅಂದ್ರೆ ಒಂದು ಗಂಟೆ ಅವರು. ಹಾಕಲ್ಲ ರೀ. ಏನು? ಹಾಕಲ್ಲ, ನಂಗೆ ಇಲ್ಲೇ ಇರಲಿ. ಯಾಕೆ ಮಾರಾಯ್ತಿ, ಏನಾಯ್ತು, ಯಾರೇನಂದ್ರು. ಯಾರೂ ಏನೂ ಅಂದಿಲ್ಲ, ಬಸ್ಸಲ್ಲಿ ಓದ್ತೀನಿ ನಾನು, ಹೋಗ್ತಾ ಬರ್ತಾ, ಹನ್ನೊಂದು ವರ್ಷದಿಂದ ಓದ್ತಿದೀನಿ, ನಂಗೆ ಅದು ಬೇಕು, ಅದಕ್ಕೆ. ಆ ಕಡೆ ಕ್ಲಾಸಿನ ಗದ್ದಲ ಕೇಳುತ್ತಿತ್ತು, ನನಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ, ಹಗುರಾಯಿತು. ಮತ್ತೆ ದಿನಾ ಬಂದು ಉಸ್ಸಪ್ಪಾ ಅಂತಿದ್ದೆ? ಅದು ಕಾಫಿಗೆ. ಕಾಫಿಗಾ ಅಂತ ಅವನು, ಕೋಪವೋ ನಗುವೋ ತಿಳಿಯಲಿಲ್ಲ, ಸಂಜೆ ಮಾತಾಡೋಣ ಅಂದ, ಆಮೇಲೆ, ಅಪ್ಪಂಗೆ ನಾನು ಹೇಳ್ತೀನಿ, ಅಮ್ಮಂಗೆ ನೀನೇ ಹೇಳು, ಪಾಪ ನೀನು ಮಧ್ಯಾಹ್ನ ಮನೇಲಿರ್ತೀಯ ಅಂತ ಕಾಯ್ತಿದ್ರು. ಅತ್ತೆ ಎಲ್ಲಿದಾರೆ ಈಗ ಅಂತ ಕೇಳಿದೆ. ಇವತ್ತು ಮಂಗಳವಾರ ಅಲ್ವಾ, ಭಜನೆಗೆ ಹೋಗಿರ್ತಾರೆ. ಹೂಂ, ಅಂದೆ, ಹೋಗಿ ಬರಲಿ. ಬಾವುಟದವನು ಹಸಿರು ತೋರಿಸಿದ, ಬಸ್ಸು ಎದ್ದು ಬಿದ್ದು ಹೊರಟಿತು, ಫಾರಮ್ಮನ್ನು ಮಡಚಿ ತೊಂಬತ್ನಾಲ್ಕರಲ್ಲಿ ಇಟ್ಟೆ, ಮತ್ತೆ ತೆಗೆದು ಬ್ಯಾಗಿಗೆ ಹಾಕಿ ಅಲ್ಲಿ ಟಿಕೆಟ್ಟನ್ನೇ ಇಟ್ಟೆ, ಭದ್ರಾವತಿಗೆ ಇನ್ನು ಹದಿನೈದು ನಿಮಿಷ, ಎಂಟು ಪುಟ ಆಗುತ್ತದೆ, ಟೀಚರು ಪತ್ರವನ್ನು ದೀಪಕ್ಕೆ ಹಿಡಿದು ಅಕ್ಷರ ಯಾರದು ಅಂತ ನೋಡುತ್ತಿದ್ದಾಳೆ, ಅಕ್ಷರ, ಮಾವನ ದುಂಡು ಅಕ್ಷರ, ಸಾಲು ಓದುತ್ತೇನೆ, ತಲೆಗೆ ಹೋಗುವುದಿಲ್ಲ, ಅದೇ ಸಾಲು ಮತ್ತೆ, ಹದಿನಾಲ್ಕರ ಸುತ್ತ ನೀಲಿ ಶಾಯಿ, ಪುಟದ ಮೂಲೆ ಬೆರಳಿಗೆ ಸಿಗುತ್ತದೆ, ಉಬ್ಬು, ತಿರುಗಿಸಬೇಕು, ತೋರುಬೆರಳು ಮೇಲೇಳುತ್ತದೆ, ಅವರದೋ ನನ್ನದೋ, ನಾಲಿಗೆಯ ತುದಿಗೆ —